ಮೆಟ್ಟಿಲ ಮೇಲೊಂದು ಕಾಲು

ನಮ್ಮ ಶ್ರೀರಾಂಪುರದ ಕಡೆ ಖಾಸಗಿ ಬಸ್ಸನ್ನು ತಡೆದು ನಿಲ್ಲಿಸಲು ಒಂದು ಕ್ರಮವಿದೆ. ಮನೆಯ ಒಬ್ಬರು ಮೊದಲೇ ಬಂದು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಊರಿ, ಮನೆಯ ಕಡೆ ತಿರುಗಿ, "ಬಂದ್ಯೇನೇ? ಬಸ್ ಬಂದೈತೆ!" ಎಂದು ಕೂಗಬೇಕು. ಆ ಕಾಲು ಅಲ್ಲಿರುವವರೆಗೆ ಯಾವ ಡ್ರೈವರೂ ಗಾಡಿ ಬಿಡುವುದಿಲ್ಲ. ಒಳಗಿದ್ದವರು ಬರುವುದು ಜಡೆ ಹೆಣೆದು, ಎಮ್ಮೆಗೆ ಹುಲ್ಲು ಹಾಕಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟ ಮೇಲೆ.

ಈ ಕಾಲನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸದುರ್ಗದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನಾನು ದಿನಾ ಆ ಬಸ್ಸಿನಲ್ಲೇ ಹೋಗಬೇಕು. ಸಿಟ್ಟು ಎಷ್ಟಾಯಿತೆಂದರೆ, ಕೊನೆಗೆ ಅದರ ಮೇಲೇ ಪಿಎಚ್‌ಡಿಗೆ ಕೂತೆ. ಬಸ್ಸಿನ ಪರ್ಮಿಟ್ಟು, ವೇಳಾಪಟ್ಟಿ, ಪ್ರಯಾಣಿಕರ ನೆಮ್ಮದಿ, ಇವುಗಳ ಸಂಬಂಧವೇ ನನ್ನ ವಿಷಯ. ಕಾಯುವುದರಿಂದ ಜನರ ದುಡಿಯುವ ಹೊತ್ತು ಹಾಳಾಗುತ್ತದೆ, ಕಾಯುವ ಬಸ್ಸಿಗೆ ಸರ್ಕಾರ ದಂಡ ಹಾಕಬೇಕು ಎಂಬುದು ನನ್ನ ತೀರ್ಮಾನ.

ತೊಂದರೆ ಕೊಟ್ಟಿದ್ದು ಜನ. ಈ ಬಸ್ಸು ನಿಮಗೆಷ್ಟು ಸಮಾಧಾನ ತಂದಿದೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಾ ಹೋದೆ. ದುರ್ಗದ ಮಾರ್ಕೆಟ್ಟಿಗೆ ವೀಳ್ಯದೆಲೆ ಒಯ್ಯುವ ಅಜ್ಜಿಯೊಬ್ಬಳು, "ಅಂಕ ಕೊಡಾಕೆ ನಾನೇನು ಮೇಷ್ಟ್ರೇನವ್ವಾ? ಒಳ್ಳೆ ಬಸ್ಸು, ಪೂರ್ತಿ ಹಾಕ್ಕೋ" ಅಂದಳು. ಎಲ್ಲರದೂ ಇದೇ ಹಾಡು. ದಿನಾ ತಡವಾಗುವ ಬಸ್ಸಿಗೆ ಭರ್ತಿ ಅಂಕ, ಗಡಿಯಾರ ನೋಡಿ ಹೊರಡುವ ಇನ್ನೊಂದು ಬಸ್ಸಿಗೆ ಬೈಗುಳ! ಜನರಿಗೆ ತಮ್ಮ ನಷ್ಟದ ಅರಿವಿಲ್ಲ ಎಂದು ಒಂದು ಸಾಲು ಬರೆದು ಪ್ರಬಂಧ ಮುಗಿಸಿಬಿಟ್ಟೆ. ನನ್ನ ಮಾರ್ಗದರ್ಶಕರು ಮಾತ್ರ, "ಪರೀಕ್ಷಕರು ಈ ಸಾಲನ್ನ ಸುಮ್ಮನೆ ಬಿಡಲ್ಲಮ್ಮ" ಎಂದು ಎಚ್ಚರಿಸಿದರು.

ಮೌಖಿಕ ಪರೀಕ್ಷೆ ಇದ್ದದ್ದು ದುರ್ಗದಲ್ಲಿ. ಆ ದಿನ ತಪ್ಪಿದರೆ ಹೊರಗಿನಿಂದ ಬರುವ ಪರೀಕ್ಷಕರು ಮತ್ತೆ ಸಿಗುವುದು ಯಾವಾಗಲೋ, ವರ್ಷಗಟ್ಟಲೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಅವತ್ತೇ ರೇಷ್ಮೆ ಸೀರೆಯ ನೆರಿಗೆ ಕೂರಲಿಲ್ಲ. ಬಿಚ್ಚಿ ಮತ್ತೆ ಉಡುತ್ತಿರುವಾಗ ಹಾರನ್ ಕೇಳಿಸಿತು. ಗಂಡನ ಕಡೆ ನೋಡಿದೆ. ಅವರು ಬನಿಯನ್ನಿನಲ್ಲೇ ಓಡಿದರು. ನಾನು ಹೊರಗೆ ಬಂದಾಗ ಅವರ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ. "ಬಂದ್ಯೇನೇ?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

"ಏನ್ ಮೇಡಂ, ಮದುವೆ ಮನೆಗಾ?" ಎಂದ ಕಂಡಕ್ಟರ್. ಪರೀಕ್ಷೆ ಅಂದೆ, ಎದೆಗವುಚಿಕೊಂಡಿದ್ದ ಪ್ರಬಂಧ ತೋರಿಸಿ.

"ಆ ದಪ್ಪ ಪುಸ್ತಕದಾಗೆ ಏನ್ ಬರ್ದೀರಿ?"

ಸುಳ್ಳು ನನಗೆ ಬರುವುದಿಲ್ಲ. "ಬಸ್ಸು ಯಾರಿಗೂ ಕಾಯಬಾರದು ಅಂತ ಬರ್ದಿದೀನಿ."

ಹಿಂದಿನ ಸೀಟಿನವರೆಗೂ ನಗು. ಪಕ್ಕದಲ್ಲಿದ್ದವಳು ಅದೇ ಎಲೆಯಜ್ಜಿ. "ಹಂಗಾರೆ ಬನೀನಾಗೆ ನಿಂತಿದ್ದ ಆ ಪುಣ್ಯಾತ್ಮ ಯಾರವ್ವಾ?" ಎಂದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಇನ್ಮೇಲೆ ಯಾರಿಗೂ ನಿಲ್ಸಲ್ಲ ಕಣ್ರಪ್ಪಾ, ಪುಸ್ತಕದಾಗೆ ಬಂದೈತೆ" ಎಂದು ಸಾರಿದ.

ಹೊಸದುರ್ಗ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಮತ್ತೊಂದು ಕಾಲು ಮೆಟ್ಟಿಲ ಮೇಲೆ ಬಿತ್ತು. ದೂರದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡ ಕುರಿಗಾರನೊಬ್ಬ ಬೇವಿನ ಕಡ್ಡಿ ಕಚ್ಚಿಕೊಂಡು ಬರುತ್ತಿದ್ದ. ಓಡುತ್ತಿರಲಿಲ್ಲ, ನಡೆದೇ ಬರುತ್ತಿದ್ದ. ಡ್ರೈವರ್ ಹಿಂದೆ ತಿರುಗಿ, "ಮೇಡಂ, ಬಿಡಾಣೇನ್ರಿ?" ಎಂದ. ಇಡೀ ಬಸ್ಸು ನನ್ನ ಮುಖ ನೋಡಿತು. ಗಡಿಯಾರ ನೋಡಿಕೊಂಡೆ. ಬಿಡ್ರಿ ಅನ್ನಲು ಬಾಯಿ ತೆರೆದೆ. ಬನಿಯನ್ನಿನಲ್ಲಿ ನಿಂತ ಗಂಡ ಕಣ್ಮುಂದೆ ಬಂದರು.

"ಕಾಯ್ರಿ" ಎಂದೆ, ಹಲ್ಲು ಕಚ್ಚಿಕೊಂಡು.

ಆ ಕುರಿಗಾರನಷ್ಟು ನಿಧಾನವಾಗಿ ಈ ಭೂಮಿಯ ಮೇಲೆ ಯಾರೂ ನಡೆದಿರಲಾರರು. ಹತ್ತಿದವನು ಕಂಬಿ ಹಿಡಿದು ನಿಂತು, "ಊರಾಗೆಲ್ಲ ಚೆನ್ನಾಗವ್ರಾ ಅಕ್ಕಾ?" ಎಂದು ನನ್ನನ್ನೇ ವಿಚಾರಿಸಿದ. ಹೊಳಲ್ಕೆರೆ ದಾಟಿದ್ದೇ ಡ್ರೈವರಿಗೆ ಹುರುಪು ಬಂತು, ಬಸ್ಸು ಹಾರಿತು. ನಾನು ಪರೀಕ್ಷೆಯ ಕೋಣೆಗೆ ನುಗ್ಗಿದಾಗ ನನ್ನ ಹೆಸರು ಕರೆಯುತ್ತಿದ್ದರು.

ಪರೀಕ್ಷಕರು ಹಾಳೆ ತಿರುವಿ ನೇರ ಆ ಸಾಲಿಗೇ ಬಂದರು. "ತಡವಾಗುವ ಬಸ್ಸಿಗೆ ಯಾಕಮ್ಮ ಭರ್ತಿ ಅಂಕ? ಜನ ದಡ್ಡರಾ?"

ಬರೆದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. "ದಡ್ಡರಲ್ಲ ಸರ್. ಇದು ಒಂಥರಾ ವಿಮೆ. ಇವತ್ತು ಇನ್ನೊಬ್ಬರಿಗಾಗಿ ಕಾಯುವುದು ಅವರು ಕಟ್ಟುವ ಕಂತು. ನಾಳೆ ತಮ್ಮ ಸೀರೆ ನೆರಿಗೆ ಕೂರದಿದ್ದಾಗ ಬಸ್ಸು ನಿಂತಿರುತ್ತದಲ್ಲ, ಆ ಧೈರ್ಯಕ್ಕೆ ಅಂಕ ಕೊಟ್ಟಿದ್ದಾರೆ."

"ನೆರಿಗೆ?"

"ಉದಾಹರಣೆಗೆ, ಸರ್."

"ಪ್ರಬಂಧದಲ್ಲಿ ಇದು ಎಲ್ಲಿದೆ?"

"ಇಲ್ಲ ಸರ್. ಇವತ್ತು ಬೆಳಿಗ್ಗೆ ಗೊತ್ತಾಯಿತು."

ಅವರು ನಕ್ಕುಬಿಟ್ಟರು. ಕೊನೆಯ ಅಧ್ಯಾಯ ತಿದ್ದಿ ಕೊಡಬೇಕೆಂಬ ಷರತ್ತಿನ ಮೇಲೆ ಪದವಿ ದಕ್ಕಿತು.

ಸಂಜೆ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಮ್ಮ ಬಸ್ಸಿನ ಹೊತ್ತು ಮೀರಿತ್ತು. ಬಸ್ಸು ಅಲ್ಲೇ ಇತ್ತು. ಏಜೆಂಟ್ ಅದರ ಬೆನ್ನು ಬಡಿದು ಕೂಗಾಡುತ್ತಿದ್ದ, ಹಿಂದಿನ ಬಸ್ಸಿನವನು ಹಾರನ್ನಿನ ಮೇಲಿಂದ ಕೈ ತೆಗೆದಿರಲಿಲ್ಲ. ಬಾಗಿಲಲ್ಲಿ ಎಲೆಯಜ್ಜಿ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

"ಪಾಸಾ ಫೇಲಾ ಬೇಗ ಹೇಳವ್ವಾ, ಕಾಲು ಜೋಮು ಹಿಡೀತು!"

"ಪಾಸು ಅಜ್ಜೀ" ಅಂದೆ. ಅಳು ಬಂದುಬಿಟ್ಟಿತು, ನಾಚಿಕೆಯೂ ಆಗಲಿಲ್ಲ.

ಒಳಗೆ ಈ ದಾರಿಗೆ ಹೊಸಬನೊಬ್ಬ ಗಡಿಯಾರ ತಟ್ಟಿಕೊಳ್ಳುತ್ತಾ, "ಇಷ್ಟೊತ್ತು ನಮ್ಮನ್ನೆಲ್ಲ ಕೂರಿಸ್ಕಂಡಿದ್ದು ಇವರಿಗೋಸ್ಕರಾನಾ?" ಎಂದು ಕಂಡಕ್ಟರನ ಮೇಲೆ ಹರಿಹಾಯ್ದ. ನನ್ನ ಪ್ರಬಂಧವನ್ನು ಅಕ್ಷರಶಃ ಒಪ್ಪುವ ಮೊದಲ ಓದುಗ ಕೊನೆಗೂ ಸಿಕ್ಕಿದ್ದ.

"ಹೌದು, ನನಗೋಸ್ಕರಾನೇ" ಎಂದು ಹೇಳಿ, ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಅವನ ಹಿಂದಿನ ಸೀಟಿನಲ್ಲಿ ಕುಳಿತೆ.