ಅಮ್ಮ ಬಿಚ್ಚಿದ ಗಂಟು

ಟೈ ಕಟ್ಟಲು ಬಾರದವನು ಟೈ ಹಾಕಿಕೊಂಡು ಎಷ್ಟು ಕಾಲ ಓಡಾಡಬಹುದು? ನಾನು ಹೆಚ್ಚುಕಡಿಮೆ ಅರ್ಧ ವರ್ಷ ಓಡಾಡಿದೆ.

ಅರವತ್ತರ ದಶಕದ ಮಾತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಔಷಧಿ ಕಂಪನಿಯೊಂದರ ಪ್ರತಿನಿಧಿಯಾಗಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಡಾಕ್ಟರುಗಳ ಮುಂದೆ ಮಾತ್ರೆ, ಟಾನಿಕ್ಕುಗಳ ಗುಣಗಾನ ಮಾಡುವುದು ಕೆಲಸ. ಟೈ ಕಡ್ಡಾಯ, ರೇಷ್ಮೆಯದೊಂದನ್ನು ಕಂಪನಿಯೇ ಕೊಟ್ಟಿತ್ತು. ನೀಲಿಯೋ ಕಂದೋ, ಈಗ ಆಣೆಯಿಟ್ಟು ಹೇಳಲಾರೆ. ತರಬೇತಿಯಲ್ಲಿ ಜೊತೆಗಾರನೊಬ್ಬ ಹಾಕಿಕೊಟ್ಟ ಗಂಟನ್ನು ಸಂಜೆ ಸಡಿಲಿಸಿ, ಮೊಳೆಗೆ ನೇತುಹಾಕಿ, ಬೆಳಿಗ್ಗೆ ಮತ್ತೆ ತಲೆ ತೂರಿಸುತ್ತಿದ್ದೆ, ಕಣ್ಣಿಹಗ್ಗಕ್ಕೆ ತಾನೇ ಕೊರಳೊಡ್ಡುವ ಎತ್ತಿನ ಹಾಗೆ.

ಯೋಚಿಸಿ ನೋಡಿ: ಕರುವಿಗೆ, ಮೂಟೆಗೆ, ಮಾಂಗಲ್ಯಕ್ಕೆ, ನಾವು ಹಾಕುವ ಗಂಟುಗಳೆಲ್ಲ ಇನ್ನೊಂದಕ್ಕೆ. ತನ್ನ ಕೊರಳಿಗೆ ತಾನೇ ಹಾಕಿಕೊಳ್ಳುವುದು ಇದೊಂದೇ.

ನನ್ನ ಕೆಲಸ ಖಾಯಂ ಆಗಬೇಕಾದರೆ ಬೆಂಗಳೂರಿನ ಮ್ಯಾನೇಜರು ಒಂದು ದಿನ ನನ್ನ ಜೊತೆ ಸುತ್ತಿ, ಸರಿ ಎನ್ನಬೇಕಿತ್ತು. ಅವರು ಬರುವ ಬೆಳಿಗ್ಗೆಯೇ ಮೊಳೆ ಬರಿದಾಗಿತ್ತು.

‘ಗಂಟ್ ಬಿದ್ದಿತ್ತು ಕಣಪ್ಪ,’ ಎಂದಳು ಅಮ್ಮ. ‘ನೋಡ್ಕಂಡು ಇರೋಕಾಯ್ತದಾ? ಬಿಚ್ಚಿ, ನೀವಿ, ಪೆಟ್ಗೆ ಅಡೀಲಿ ಮಡ್ಗಿವ್ನಿ.’

ನಮ್ಮದು ಕೊಳ್ಳೇಗಾಲದ ನೇಯುವವರ ಮನೆ. ರೇಷ್ಮೆಯಲ್ಲಿ ಗಂಟು ಕಂಡರೆ ಬಿಚ್ಚದೆ ಊಟಕ್ಕೆ ಕೂರದವಳನ್ನು ಬೈಯುವುದು ಹೇಗೆ?

ಕನ್ನಡಿಯ ಮುಂದೆ ನಿಂತೆ. ಕಪ್ಪೆಯ ನರಮಂಡಲವನ್ನು ನೋಡದೆ ಬರೆಯಬಲ್ಲ ಪದವೀಧರನಿಗೆ ಕನ್ನಡಿಯೊಳಗಿನವನ ಬಲಗೈ ಯಾವುದೆಂದು ತಿಳಿಯಲಿಲ್ಲ. ಟೈ ಒಮ್ಮೆ ಹೊಕ್ಕುಳ ಮೇಲೇ ನಿಂತಿತು, ಒಮ್ಮೆ ತೊಡೆಗಿಳಿಯಿತು. ಅಷ್ಟರಲ್ಲಿ ಮ್ಯಾನೇಜರು ಬಂದು ಜಗುಲಿಯ ಮೇಲೆ ಕೂತಿದ್ದರು. ಅಮ್ಮ ಕಾಫಿಯ ಲೋಟದ ಜೊತೆ ನನ್ನ ಮಾನವನ್ನೂ ಅವರ ಮುಂದಿಟ್ಟಳು:

‘ಸಾ, ನಮ್ ಐದನ್ಗೆ ಗಂಟಾಕೋಕೆ ಬರಾಕಿಲ್ಲ. ನೀವೇ ಒಸಿ ಆಕ್ಕೊಡಿ.’

ಭೂಮಿ ಬಾಯಿ ಬಿಡುವುದು ಪುರಾಣದಲ್ಲಿ ಮಾತ್ರ. ಜಗುಲಿಗೆ ಬಂದು ಕೊರಳೊಡ್ಡಿದೆ. ಅವರು ಎದುರು ನಿಂತು ಹೆಣಗಿದರು, ಕೈಗಳು ತೊಡರಿದವು. ‘ನನ್ನ ಕುತ್ತಿಗೇಲಾದ್ರೆ ಬರುತ್ತೆ. ತಿರುಗ್ರಿ,’ ಎಂದು ಹಿಂದೆ ಬಂದು, ಎರಡೂ ಕೈ ನನ್ನ ಹೆಗಲ ಮೇಲಿಂದ ಇಳಿಬಿಟ್ಟರು. ಬೀದಿಯಲ್ಲಿ ಮಗ್ಗಗಳ ಸದ್ದು ನಿಂತಿತು. ಎದುರುಮನೆಯ ನಂಜಪ್ಪ ಕೂಗಿದ:

‘ಏನ್ಸಾ, ಕೆಲ್ಸುಕ್ಕೆ ಕರ್ಕೊಂಡೋಯ್ತಿದ್ದೀರೋ, ಸಂತ್ಗೆ ಒಡ್ಕೊಂಡೋಯ್ತಿದ್ದೀರೋ?’

ಎಷ್ಟು ಮಗ್ಗ ನಿಂತವೋ. ನೆನಪಿನಲ್ಲಿ ಇಡೀ ಬೀದಿಯೇ ನಿಂತಿದೆ. ನಾಚಿಕೆಗೆ ಲೆಕ್ಕ ಹಿಗ್ಗಿಸುವ ಚಾಳಿ. ಅಮ್ಮನನ್ನು ಕೇಳಿದರೆ ಒಂದೂ ನಿಲ್ಲಲಿಲ್ಲ ಎನ್ನುತ್ತಿದ್ದಳು. ಅವಳ ನೆನಪಿಗೆ ಮಗನ ಮೇಲೆ ಕರುಣೆ.

ಮ್ಯಾನೇಜರು ಹಾಕಿದ ಗಂಟನ್ನು ತಾವೇ ಬಿಚ್ಚಿದರು. ‘ಈಗ ನೀವು,’ ಎಂದು ನನ್ನ ಕೈಗಳನ್ನು ಹಿಡಿದು, ಅಕ್ಷರ ತಿದ್ದಿಸುವವರಂತೆ ಸುತ್ತಿಸಿದರು. ಹಾಗೆ ಕಲಿತೆ. ಅಂದು ನಾವು ಹೋದಾಗ ಹನೂರಿನ ಡಾಕ್ಟರು ಬನಿಯನ್ನಿನಲ್ಲಿ ಕೂತಿದ್ದರು. ನನ್ನ ಟೈಯತ್ತ ಕಣ್ಣೂ ಹಾಯಿಸಲಿಲ್ಲ. ಕೆಲಸ ಖಾಯಂ ಆಯಿತು.

ಆಮೇಲೆ ದಿನಾ ಸಂಜೆ ಗಂಟು ಬಿಚ್ಚುತ್ತಿದ್ದೆ. ಅಮ್ಮ ನೋಡಿ ಕೇಳುತ್ತಿದ್ದಳು: ‘ಸಂಜ್ಗೆ ಬಿಚ್ಚೋ ಗಂಟ್ನ ಬೆಳಿಗ್ಗೆ ಯಾಕ್ಲಾ ಆಕ್ಕೊಂಡಿಯೇ?’ ಟೈಯನ್ನು ಅವಳ ಮಡಿಲಿಗೆ ಹಾಕುತ್ತಿದ್ದೆ, ನೀವಿ ಇಡಲಿ ಎಂದು. ಬೆಳಿಗ್ಗೆ ಕಟ್ಟಿಕೊಳ್ಳುವಾಗ ಮಾತ್ರ ಬೀದಿಬಾಗಿಲು ಮುಚ್ಚಿ, ಹೊರಗೆ ಮಗ್ಗಗಳು ಆಡುತ್ತಿವೆಯೇ ಎಂದು ಕಿವಿಗೊಟ್ಟು, ಆಮೇಲೆ ಬಿಗಿಯುತ್ತಿದ್ದೆ.