ಛಾವಣಿ ನೋಡುತ್ತಿದ್ದ ಕನ್ನಡಿ

ಪೂರ್ತಿ ಒಂದು ವರ್ಷ ಗೋವಿಂದರಾಜು ಅವರ ಬೂದು ಬಣ್ಣದ ವ್ಯಾನಿನಲ್ಲಿ, ಹಿಂದಿನ ಸೀಟು ತೋರಿಸಬೇಕಾದ ಕನ್ನಡಿ ಛಾವಣಿ ನೋಡಿಕೊಂಡಿತ್ತು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಆ ವ್ಯಾನು ಹತ್ತಿದವರೆಲ್ಲ ಒಮ್ಮೆಯಾದರೂ ಕೇಳಿದವರೇ, ಇದೇನು ಕೆಟ್ಟಿದೆಯಾ ಅಂತ. "ಅದಕ್ಕೂ ವಯಸ್ಸಾಯ್ತಲ್ಲ, ದೇವರ ಕಡೆ ತಿರುಗಿದೆ" ಎಂದು ಅವರು ನಗಿಸುತ್ತಿದ್ದರು. ನಗಿಸಿ, ಬದಿಯ ಕನ್ನಡಿಗಳನ್ನು ನಂಬಿಕೊಂಡು ಗಾಡಿ ಹೊರಡಿಸುತ್ತಿದ್ದರು. ಕನ್ನಡಿ ಕೆಟ್ಟಿರಲಿಲ್ಲ. ಅವರೇ ಕೈಯಾರೆ ತಿರುಗಿಸಿದ್ದು.

ಮೊದಲು ಹೀಗಿದ್ದವರಲ್ಲ. ಮೈಸೂರಿನವರು, ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ಆಫೀಸೊಂದರಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ಬೋರ್ಡುಗಳು ತಿರುಗಿ ಮಾತಾಡುವುದಿಲ್ಲವಾದ್ದರಿಂದ ಅಷ್ಟು ವರ್ಷದ ಮಾತು ಒಳಗೇ ಸೇರಿಕೊಂಡಿತ್ತೋ ಏನೋ, ನಿವೃತ್ತಿಯಾದ ಮಾರನೆಯ ದಿನದಿಂದ ಕಟ್ಟೆ ಒಡೆಯಿತು. ಹೆಂಡತಿ ಸುಶೀಲಮ್ಮ ಒಂದು ತಿಂಗಳು ತಡೆದುಕೊಂಡು ಹೇಳಿದರು: "ರೀ, ನಿಮ್ಮ ಮಾತು ಕೇಳಕ್ಕೆ ದಿನಕ್ಕೊಬ್ರು ಹೊಸಬರು ಬೇಕು. ನಾನೊಬ್ಳೇ ಸಾಲಲ್ಲ." ಹಾಗೆ ಬಂದದ್ದು ಈ ವ್ಯಾನು, ಮತ್ತು ಜನ ಕರೆದಲ್ಲಿಗೆ ಬಾಡಿಗೆಗೆ ಹೋಗುವ ಕೆಲಸ.

ಡಾಲಸ್‌ನಲ್ಲಿ ಹತ್ತಿದ ಮೊದಲ ದೊಡ್ಡ ಮನುಷ್ಯ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರ. ದೊಡ್ಡ ಎಂದರೆ ಉದ್ದ. ಆ ಕತೆಯನ್ನು ಗೋವಿಂದರಾಜು ಕನ್ನಡ ಸಂಘದ ಪ್ರತಿ ಊಟದಲ್ಲೂ ಹೇಳಿದ್ದಾರೆ, ಹೇಳಿದಾಗಲೆಲ್ಲ ಆ ಹುಡುಗ ಒಂದಿಂಚು ಬೆಳೆದಿದ್ದಾನೆ. "ಕೂತ್ರೆ ಮಂಡಿ ಕಿವಿ ದಾಟ್ತಿತ್ತು ಕಣಯ್ಯಾ! ಪಾಪ ಅಂತ ಸನ್‌ರೂಫ್ ತೆಗೆದೆ. ತಲೆ ಆಚೆ ಹಾಕ್ಕೊಂಡು ಆರಾಮಾಗಿ ಕೂತ. ಟೋಲ್ ಕ್ಯಾಮೆರಾದಲ್ಲಿ ನನ್ನ ನಂಬರ್ ಪ್ಲೇಟ್ ಬದಲು ಅವನ ಮೂತಿ ಬಂತು. ಬಿಲ್ಲು ಅವನ ಮನೆಗೇ ಹೋಯ್ತು!"

ಇಳಿಯುವಾಗ ಅವನು ಕೈಕುಲುಕಿದನಂತೆ. ಗೋವಿಂದರಾಜು ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೈಯಲ್ಲಪ್ಪಾ, ಮೊರ! ಇಂಥ ಬೆರಳು ನಾನು ಕಂಡಿಲ್ಲ" ಎಂದು ಮನಸಾರೆ ಹೊಗಳಿದರು. ಮುಂದಿನ ವಾರ ಟಿವಿಯಲ್ಲಿ ಅದೇ ಬೆರಳಿಗೆ ಪಟ್ಟಿ. ಆಡುವಾಗ ಮುರಿದಿತ್ತು.

ಎರಡನೆಯವನು ಬೇಸ್‌ಬಾಲ್‌ನವನು. ಮಗಳು ಹರ್ಷಿಣಿಯ ಹತ್ತಿರ ಇರೋಣವೆಂದು ದಂಪತಿಗಳು ರೌಂಡ್ ರಾಕ್‌ಗೆ ಶಿಫ್ಟ್ ಆದ ಮೇಲಿನ ಮಾತು. ಆಸ್ಟಿನ್‌ನಲ್ಲಿ ವಿಮಾನ ರದ್ದಾಗಿ ಅವನನ್ನು ಹ್ಯೂಸ್ಟನ್‌ವರೆಗೂ ಕರೆದೊಯ್ಯಬೇಕಾಯಿತು. ದಾರಿಯಲ್ಲಿ ಸುಶೀಲಮ್ಮನ ಚಕ್ಕುಲಿ ಡಬ್ಬಿಯನ್ನು ತಳ ಕಾಣಿಸಿದ. "ಆ ಭುಜದಲ್ಲಿ ಒಂದು ಚಕ್ಕುಲಿ ಎಸೆದ್ರೆ ಸಮುದ್ರ ದಾಟಿ ಮೆಕ್ಸಿಕೋದಲ್ಲಿ ಬೀಳತ್ತೆ" ಎಂದು ಗೋವಿಂದರಾಜು ಅವನ ಎದುರಿಗೇ ಹೊಗಳಿದರು. ಅವನ ಭುಜವೂ ಆ ಬೇಸಿಗೆಯಲ್ಲೇ ಹೋಯಿತು.

"ನಿಮ್ಮ ಕಣ್ಣು ಸರಿಯಿಲ್ಲ ರೀ" ಎಂದರು ಸುಶೀಲಮ್ಮ. "ಹೊಗಳಿ, ಬೇಡ ಅನ್ನಲ್ಲ. ಹೊಗಳಿ ಆದ್ಮೇಲೆ ಥೂ ಥೂ ಅಂತಾದ್ರೂ ಅನ್ನಬಾರ್ದಾ? ದೃಷ್ಟಿ ತಾಗಲ್ವಾ?"

ಹ್ಯೂಸ್ಟನ್ ಹುಡುಗ ಕೈಗೆ ಸಿಗುವವನಲ್ಲವಲ್ಲ. ಅವನ ಮುಖ ಟಿವಿಯಲ್ಲಿ ಬಂದಾಗ ಆಕೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೇ ನಿವಾಳಿಸಿ ಒಲೆ ಮೇಲೆ ಸುಟ್ಟರು. ಘಾಟು ಎದ್ದು ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಕಿರುಚಿ, ಅಗ್ನಿಶಾಮಕದವರ ಕೆಂಪು ಲಾರಿ ಬೀದಿಗೇ ಬಂತು. ಬಂದವನು ಬೆಟ್ಟದಂತಿದ್ದ. "ಎಂಥಾ ಎದೆ..." ಎಂದು ಗೋವಿಂದರಾಜು ಬಾಯಿ ತೆರೆಯುವಷ್ಟರಲ್ಲಿ ಸುಶೀಲಮ್ಮ ಅವರ ತೊಡೆ ಚಿವುಟಿದರು. ಅವನೊಬ್ಬ ಉಳಿದ.

ಇದು ಸಂಘದಲ್ಲಿ ವರ್ಷಗಟ್ಟಲೆ ನಗೆಯಾಗಿತ್ತು. ಪಕ್ಕದ ಮನೆಯ ಪ್ರಭಂಜನನಿಗೆ ಫುಟ್‌ಬಾಲ್ ಹುಚ್ಚು. "ಅಂಕಲ್, ಶನಿವಾರ ಎದುರು ಟೀಮಿನ ಕ್ವಾರ್ಟರ್‌ಬ್ಯಾಕ್ ತುಂಬಾ ಹಾರಾಡ್ತಿದಾನೆ. ಸ್ವಲ್ಪ ನೋಡಿ ಹೊಗಳ್ಬಿಡಿ, ಪ್ಲೀಸ್" ಎನ್ನುವನು. "ಟಿವಿಯಲ್ಲಿ ನೋಡಿದ್ರೆ ಅರ್ಧ ಎಫೆಕ್ಟು ಕಣೋ, ಟಿಕೆಟ್ ಕೊಡ್ಸು" ಎನ್ನುವರು ಇವರು.

ಆಮೇಲೆ ರೆನೀ ಬಂದಳು.

ಆಸ್ಟಿನ್‌ನ ಕಾಲೇಜೊಂದರ ಹರ್ಡಲ್ಸ್ ಓಟಗಾರ್ತಿ, ಅಡ್ಡ ಇಟ್ಟ ತಡೆಗಳನ್ನು ಹಾರಿ ಓಡುವವಳು. ಬೆಳಿಗ್ಗೆ ಅಭ್ಯಾಸಕ್ಕೆ ಹೋಗಲು ಕರೆದಾಗ ಹೆಚ್ಚಾಗಿ ಇವರ ವ್ಯಾನೇ ಸಿಗುತ್ತಿತ್ತು. ಮಾತು ಕಡಿಮೆ. ಮೈದಾನದ ಗೇಟು ಇನ್ನೂ ದೂರವಿರುವಾಗಲೇ, ದೊಡ್ಡ ಓಕ್ ಮರದ ಹಿಂದೆ, "ಇಲ್ಲೇ ಸಾಕು" ಎಂದು ಇಳಿದುಬಿಡುವಳು. ನಮ್ಮ ಇಂಥ ಹಳೇ ವ್ಯಾನಿನಲ್ಲಿ ಬಂದದ್ದು ಗೆಳತಿಯರಿಗೆ ಕಾಣಬಾರದು ಅಂತಿರಬೇಕು ಎಂದುಕೊಂಡು ಗೋವಿಂದರಾಜು ಒಳಗೇ ನಗುವರು.

ಅವಳದೊಂದು ಅಭ್ಯಾಸವಿತ್ತು. ದಾರಿಯುದ್ದಕ್ಕೂ ಬಗ್ಗಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ತನ್ನ ಹಿಮ್ಮಡಿ ಹಿಡಿದುಕೊಂಡು ಕೂರುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ಕಂಡಾಗ ಗೋವಿಂದರಾಜು ಅವರಿಗೆ ಮೈಸೂರಿನ ಗರಡಿ ಮನೆ ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಅವರು ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದ ಪೈಲ್ವಾನರು ಅಖಾಡಕ್ಕೆ ಇಳಿಯುವ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು, ತಮ್ಮ ತೊಡೆ ತೋಳುಗಳನ್ನೇ ಮುಟ್ಟಿ ನಮಸ್ಕರಿಸುತ್ತಿದ್ದರು. ಈ ಹುಡುಗಿಯೂ ತನಗೆ ಅನ್ನ ಹಾಕುವ ಕಾಲಿಗೆ ನಮಸ್ಕಾರ ಮಾಡುತ್ತಿದ್ದಾಳೆ ಎಂದು ಅವರ ಎದೆ ತುಂಬಿತು. ಅಮೆರಿಕದಲ್ಲೂ ಇಂಥ ಮಗು ಇದೆಯಲ್ಲಾ!

ಒಂದು ದಿನ ತಡೆಯಲಾರದೆ ತಮ್ಮ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು: "ನಮಸ್ಕಾರ ಮಾಡಬೇಕಾದ ಕಾಲೇ ಅದು ಮಗಳೇ. ನೆಲ ಮುಟ್ಟದ ಕಾಲು. ಇಂಥದ್ದು ನಾನು ಇನ್ನೆಲ್ಲೂ ನೋಡಿಲ್ಲ."

ಅವಳು ಕಣ್ಣು ತೆರೆದಳು. ಕನ್ನಡಿಯಲ್ಲಿ ಇವರನ್ನೇ ನೋಡಿದಳು. ಏನೋ ಹೇಳಲು ಹೊರಟವಳಂತೆ ತುಟಿ ಅಲ್ಲಾಡಿತು. ಮರ ಬಂತು. ಇಳಿದು ಹೋದಳು.

ಆ ವಾರದ ಪಂದ್ಯ ನೋಡಲು ಗೋವಿಂದರಾಜು ಚಕ್ಕುಲಿ ಕಟ್ಟಿಸಿಕೊಂಡು ಹೋದರು. ಮೊದಲ ಹರ್ಡಲ್ ದಾಟಿದಳು, ಎರಡನೆಯದು ದಾಟಿದಳು. ಮುಂದಿನದಕ್ಕೆ ಕಾಲೆತ್ತುವಾಗ ಟಪ್ ಎಂದು ಒಂದು ಶಬ್ದವಾಯಿತು. ಪ್ರೇಕ್ಷಕರು ಕೂರುವ ಅಷ್ಟು ಎತ್ತರದ ಮೆಟ್ಟಿಲಿಗೆ, ಅಷ್ಟು ಜನರ ಗದ್ದಲದಲ್ಲಿ, ಅದು ಕೇಳಿಸಲು ಸಾಧ್ಯವೇ ಇಲ್ಲ ಎಂದು ಪ್ರಭಂಜನ ಎಷ್ಟೋ ಸಲ ವಾದಿಸಿದ್ದಾನೆ. ಇವರಿಗೆ ಕೇಳಿಸಿತು. ಹುಡುಗಿ ಮುಖ ಅಡಿಯಾಗಿ ಬಿದ್ದಿದ್ದಳು. ಹಿಮ್ಮಡಿಯ ಮೇಲಿನ ಸ್ನಾಯು ಹರಿದಿತ್ತು.

ಮನೆಗೆ ಬಂದು ಕೂತವರ ಮುಖ ನೋಡಿ ಸುಶೀಲಮ್ಮ ಏನೂ ಕೇಳದೆ ಮೆಣಸಿನಕಾಯಿ ತಂದರು. ಆ ಮಗುವಿನ ಹೆಸರು ಹೇಳಿ ನಿವಾಳಿಸಿ, ಅಲಾರಂಗೆ ಹೆದರಿ ಕಿಟಕಿಯೆಲ್ಲ ತೆಗೆದು, ಬಾಣಲೆಗೆ ಹಾಕಿದರು. ಮೆಣಸಿನಕಾಯಿ ಕರಕಲಾಯಿತು. ಒಬ್ಬರೂ ಕೆಮ್ಮಲಿಲ್ಲ. ಸುಶೀಲಮ್ಮ ಬಾಣಲೆಗೆ ಮುಖವಿಟ್ಟು ಮೂಸಿದರು.

"ಘಾಟೇ ಇಲ್ವಲ್ರೀ..." ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಘಾಟು ಬರದಿದ್ದರೆ ತಾಗಿದ ದೃಷ್ಟಿ ಘೋರವಾದದ್ದು ಎಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಕನ್ನಡಿ ಛಾವಣಿಗೆ ತಿರುಗಿತು.

ಆದರೂ ರೆನೀಯ ಆ ಎರಡು ಕಣ್ಣು ಬಿಡಲಿಲ್ಲ. ಆರಿಸಿದ ಟಿವಿಯಲ್ಲಿ, ಕಾಫಿ ಲೋಟದ ಕಪ್ಪು ತಳದಲ್ಲಿ, ಮೈಕ್ರೋವೇವ್ ಬಾಗಿಲಲ್ಲಿ, ಏನೋ ಹೇಳಲು ಹೊರಟ ಹಾಗೆಯೇ ನಿಂತಿದ್ದವು. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಟಪ್ ಟಪ್. ಇಂಡಿಕೇಟರ್ ಹಾಕದೆ ಬಲಕ್ಕೇ ತಿರುಗಿ ತಿರುಗಿ ಸುತ್ತುದಾರಿ ಹಿಡಿದು ಹತ್ತಿದವರಿಂದ ಬೈಸಿಕೊಂಡರು. ಆಸ್ಪತ್ರೆಗೆ ಹೋಗಿ ರೆನೀಯನ್ನು ನೋಡಲು ಧೈರ್ಯ ಬರಲಿಲ್ಲ. ನೋಡುವುದೇ ತಾನೆ ಅಪಾಯ? ಸಂಘದಲ್ಲಿ ಕತೆ ನಿಂತಿತು. ಮಗಳು ಬಿಸಿಬೇಳೆಬಾತ್ ಬಡಿಸಿ "ಹೇಗಿದೆ ಅಪ್ಪಾ?" ಎಂದರೆ, "ಪರವಾಗಿಲ್ಲ, ಉಪ್ಪು ಜಾಸ್ತಿ" ಎನ್ನುವರು. ಹರ್ಷಿಣಿ ಮುನಿಸಿಕೊಂಡರೂ ಸರಿ, ಅವಳ ಕೈ ಚೆನ್ನಾಗಿರಲಿ.

ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಮೊಮ್ಮಗಳು ಸಿಯಾಗೆ. ಹೈಸ್ಕೂಲಿನ ಹುಡುಗಿ, ದೂರದ ಓಟ ಓಡುತ್ತಿದ್ದಳು. ಮನೆಯಲ್ಲಿ ಓಟದ ಹುಚ್ಚು ಹಚ್ಚಿದ್ದೇ ತಾತ, ಈಗ ತಾತ ಅವಳ ಕಡೆ ತಿರುಗುವುದೇ ಇಲ್ಲ. ಕೋಣೆಗೆ ಬಂದರೆ ಪೇಪರ್ ಅಡ್ಡ ಹಿಡಿಯುವುದು, ಪಂದ್ಯಕ್ಕೆ ಬಿಟ್ಟು ಪಾರ್ಕಿಂಗ್‌ನಲ್ಲೇ ಕೂರುವುದು. ಸಿಯಾಗೆ ಕನ್ನಡ ಅರ್ಥವಾಗುತ್ತಿತ್ತು. ತಾತ ಮಾತ್ರ ಅರ್ಥವಾಗುತ್ತಿರಲಿಲ್ಲ.

ಈ ವಸಂತದಲ್ಲಿ ಜಿಲ್ಲಾ ಪಂದ್ಯದ ದಿನ ಹರ್ಷಿಣಿ ಆಫೀಸಿನ ಕೆಲಸಕ್ಕೆ ಡಾಲಸ್‌ಗೆ ಹೋಗಿದ್ದಳು. ಸಿಯಾಳನ್ನು ಕರೆದೊಯ್ಯುವುದು ಇವರ ಪಾಲಿಗೆ ಬಂತು. ಹಿಂದಿನ ಸೀಟಿನಿಂದ ಅವಳು ಕೇಳಿದಳು:

"ತಾತಾ, ಆರ್ ಯು ವಾಚಿಂಗ್ ಟುಡೇ?"

"ನೀನು ಓಡಮ್ಮಾ. ನಾನು ಇಲ್ಲಿಂದ್ಲೇ..."

"ಇಲ್ಲಿಂದ್ಲೇ ಏನು? ಯು ಡೋಂಟ್ ಈವನ್ ಲುಕ್ ಅಟ್ ಮಿ!" ಅವಳ ದನಿ ಒಡೆಯಿತು. "ಫೈನ್. ಇಲ್ಲೇ ನಿಲ್ಸಿ. ಗೇಟ್ ಹತ್ರ ಬೇಡ."

ನಿಲ್ಲಿಸಿದರು. ಬಾಗಿಲು ದಢಾರೆಂದಿತು. ಗೋವಿಂದರಾಜು ವ್ಯಾನನ್ನು ಪಾರ್ಕಿಂಗಿಗೆ ಒಯ್ದು, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟರು.

ಕಿಟಕಿ ಯಾರೋ ತಟ್ಟಿದರು. ಪಂದ್ಯದ ಸ್ವಯಂಸೇವಕರ ಹಸಿರು ಅಂಗಿ, ಕೊರಳಲ್ಲಿ ಸೀಟಿ. ರೆನೀ.

"ಈ ವ್ಯಾನು ಎಲ್ಲಿದ್ದರೂ ಗುರುತು ಹಿಡೀತೀನಿ" ಎಂದಳು. ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ ಹೀಗೆ. "ಚಕ್ಕುಲಿ ವಾಸನೆ. ನನಗೆ ಒಂದೂ ಕೊಡಲಿಲ್ಲ ನೀವು."

ಗೋವಿಂದರಾಜು ಇಳಿದು ನಿಂತರು. ಅವಳ ಕಾಲಿನ ಕಡೆ ಕಣ್ಣು ಹೋಗದಂತೆ ಆಕಾಶ ನೋಡಿದರು.

"ಮೇಲೇನಿದೆ?" ಎಂದು ಅವಳೂ ಮೇಲೆ ನೋಡಿದಳು.

ತಡವರಿಸಿಕೊಂಡು ಹೇಳಿದರು. ಬೆರಳು, ಭುಜ, ಹೊಗಳಿಕೆ, ಘಾಟಿಲ್ಲದ ಮೆಣಸಿನಕಾಯಿ. ಹೇಳುತ್ತಾ ತಮಗೇ ಹುಚ್ಚು ಮಾತು ಅನ್ನಿಸಿತು. ರೆನೀ ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

"ನೀವು ಏನೂ ಮಾಡಿಲ್ಲ. ಅದು ಕ್ರಿಸ್‌ಮಸ್‌ನಿಂದ ನೋಯ್ತಾ ಇತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದ್ರೆ ಓಡಕ್ಕೆ ಬಿಡಲ್ಲ ಅಂತ. ನಿಮ್ಮ ವ್ಯಾನಲ್ಲಿ ದಾರಿಯುದ್ದಕ್ಕೂ ಅದನ್ನ ಒತ್ತಿ ಹಿಡ್ಕೋತಿದ್ದೆ. ಗೇಟಿನ ತನಕ ಬಂದ್ರೆ ಕುಂಟೋದು ಕೋಚ್‌ಗೆ ಕಾಣತ್ತಲ್ಲ, ಅದಕ್ಕೇ ಮರದ ಹತ್ರ ಇಳಿದು, ನಡೆದು ಬಿಸಿ ಮಾಡ್ಕೊಂಡು ಒಳಗೆ ಹೋಗ್ತಿದ್ದೆ."

ಗೋವಿಂದರಾಜು ಆಕಾಶ ಬಿಟ್ಟು ಅವಳ ಮುಖ ನೋಡಿದರು.

"ನಾನು ಹಿಡ್ಕೊಂಡು ಕೂತಿದ್ದನ್ನ ನೋಡಿದವರು ನೀವೊಬ್ಬರೇ" ಎಂದಳು ಅವಳು. "ಆ ದಿನ ನೀವು ಮಾತಾಡಿಸಿದಾಗ, ಹೇಳಿಬಿಡೋಣ ಅನ್ನಿಸ್ತು. ನೀವು ನಮಸ್ಕಾರ ಅಂದ್ರಿ."

ಆಪಾದನೆಯ ದನಿಯಲ್ಲ. ಸುಮ್ಮನೆ ಹೇಳಿದಳು. ಗೋವಿಂದರಾಜು ಅವರಿಗೆ ಒಂದು ವರ್ಷದಿಂದ ಹೊತ್ತ ಕಲ್ಲು ಇಳಿದಂತಾಗಿ, ಅದೇ ಜಾಗಕ್ಕೆ ಅದಕ್ಕಿಂತ ತಣ್ಣನೆಯದೊಂದು ಬಂದು ಕೂತಂತಾಯಿತು. ಅಷ್ಟು ದಿನ ಎದುರಿಗೇ ಇತ್ತು. ಅಷ್ಟು ದಿನವೂ ನೋಡಿದ್ದರು.

ಆಗ ಕಿವಿಯಲ್ಲಿ ಇನ್ನೊಂದು ದನಿ ಎದ್ದಿತು. *ಇಲ್ಲೇ ನಿಲ್ಸಿ. ಗೇಟ್ ಹತ್ರ ಬೇಡ.*

ಓಡಿದರು. ಆ ವಯಸ್ಸಿನಲ್ಲಿ ಆ ಹೊಟ್ಟೆ ಇಟ್ಟುಕೊಂಡು ಓಡಿದ್ದನ್ನು ಬೇರೆ ದಿನವಾಗಿದ್ದರೆ ಅವರೇ ಜಿಂಕೆಗೆ ಹೋಲಿಸಿ ಹೇಳುತ್ತಿದ್ದರು. ಬೇಲಿಗೆ ಎದೆ ಕೊಟ್ಟು ನಿಂತು, ವರ್ಷದ ನಂತರ ಮೊದಲ ಸಲ ಮೊಮ್ಮಗಳನ್ನು ನೋಡಿದರು. ಸಿಯಾ ಗೆಳತಿಯರ ಜೊತೆ ನಗುತ್ತಿದ್ದಳು. ನಗುತ್ತಲೇ ಬಲಗಾಲನ್ನು ಬೆಂಕಿಯ ಮೇಲೆ ಇಟ್ಟಂತೆ ಮುಟ್ಟಿಸಿ ಎತ್ತುತ್ತಿದ್ದಳು. ಗೆಳತಿಯರು ಅತ್ತ ತಿರುಗಿದಾಗ ಮಾತ್ರ ಕೈ ಮೊಣಕಾಲಿನ ಕೆಳಗೆ ಜಾರುತ್ತಿತ್ತು.

"ಸಿಯಾ! ಕಾಲು ನೋಯ್ತಿದ್ಯಾ?"

ಅವಳ ನಗು ಆರಿತು. "ನೋ! ತಾತಾ, ಗೋ ಅವೇ!"

ಗೋವಿಂದರಾಜು ನೇರ ಕೋಚ್ ಹತ್ತಿರ ಹೋದರು. ಕೋಚ್ ಸಿಯಾಳನ್ನು ಕೂರಿಸಿ, ಮೊಣಕಾಲಿನ ಕೆಳಗಿನ ಮೂಳೆಯನ್ನು ಬೆರಳಿನಿಂದ ಒತ್ತಿದಳು. ಸಿಯಾ ಕಿರುಚಲಿಲ್ಲ, ಕಣ್ಣೀರು ಮಾತ್ರ ಸುರಿಯಿತು. ಓಟ ಅವಳಿಲ್ಲದೆ ನಡೆಯಿತು.

"ವರ್ಷವೆಲ್ಲಾ ನೋಡಲಿಲ್ಲ" ಎಂದಳು ವ್ಯಾನಿನಲ್ಲಿ, ಇಂಗ್ಲಿಷ್ ಬೆರೆಸದ ಕನ್ನಡದಲ್ಲಿ. "ಇವತ್ತೇ ಯಾಕೆ ನೋಡಿದ್ರಿ?"

ಗೋವಿಂದರಾಜು ಮೈದಾನದ ಕಡೆ ತಿರುಗಿದರು. ರೆನೀ ಬೇಲಿಯ ಆಚೆ ಹರ್ಡಲ್‌ಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಳು, ಬಲಗಾಲನ್ನು ಸ್ವಲ್ಪ ಎಳೆದುಕೊಂಡು. ಈ ಸಲ ಆ ಕಾಲನ್ನು ಕಣ್ಣು ತಪ್ಪಿಸದೆ ನೋಡಿದರು. ಆಮೇಲೆ ಕೈಯೆತ್ತಿ ಕನ್ನಡಿಯನ್ನು ಛಾವಣಿಯಿಂದ ಕೆಳಗಿಳಿಸಿದರು. ವರ್ಷದ ಧೂಳು ಕೂತಿತ್ತು, ಹೆಬ್ಬೆರಳಿನಿಂದ ಒರೆಸಿದರು. ಕೆಂಪಾದ ಎರಡು ಕಣ್ಣು ಕಾಣಿಸಿದವು. ಅವು ಸಿಯಾಳವೇ. ಆದರೂ ಅದೇ ನೋಟ, ಹೇಳಬೇಕಾದದ್ದನ್ನು ಒಳಗೇ ಹಿಡಿದು ನಿಂತದ್ದು.

ಇಂಡಿಕೇಟರ್ ಹಾಕಿದರು. ಟಪ್ ಟಪ್. ಎಡಕ್ಕೇ ತಿರುಗಿದರು.

"ಸ್ಟಾಪ್ ಲುಕಿಂಗ್ ಅಟ್ ಮಿ, ತಾತಾ."

"ಇಲ್ಲ ಕಣೇ" ಎಂದರು ಗೋವಿಂದರಾಜು. "ಎಷ್ಟು ದಿನದಿಂದ ನೋಯ್ತಿದೆ, ಹೇಳು."