ಅಣ್ಣ ಬರೆದ ಚೆನ್ನೆಮಣೆ

ಅಣ್ಣ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ. ಅರವತ್ತರ ದಶಕದ ಆರಂಭ. ಕಂಪ್ಯೂಟರ್ ಎಂಬ ಹೆಸರನ್ನೇ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಕುಮಟೆಯ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ ಅಪ್ಪ, ಯಾರಾದರೂ ವಿಚಾರಿಸಿದರೆ "ಲೆಕ್ಕದ ಮಿಷನ್ನಿನ ಕೆಲಸ" ಎಂದು ಮಾತು ಮುಗಿಸುತ್ತಿದ್ದರು.

ಚಿಕ್ಕಂದಿನಿಂದಲೂ ಅಣ್ಣನ ಹೃದಯದ ಕವಾಟ ಸರಿಯಿರಲಿಲ್ಲ. ಒಂದು ಬೇಸಿಗೆಯಲ್ಲಿ ಉಸಿರಾಟ ಕಷ್ಟವಾಗಿ, ರಜೆ ಹಾಕಿ ಧಾರೇಶ್ವರದ ಮನೆಗೆ ಬಂದ. ನಾನಾಗ ಊರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದೆ. ಮಲಗಿ ಬೇಸರವಾದಾಗ ನನ್ನನ್ನು ಕರೆದು, ಎರಡು ಸಾಲು ಗುಂಡಿಗಳಲ್ಲಿ ಕಾಳು ಹಂಚುತ್ತ ಹೋಗುವ ಚೆನ್ನೆಮಣೆ ಆಡುತ್ತಿದ್ದ.

"ಈ ಆಟ ಮಿಷನ್ನಿಗೆ ಕಲಿಸ್ಬೇಕು ತಂಗಿ," ಎಂದ ಒಂದು ದಿನ. ಮುಂಬಯಿಯ ಆ ಮಿಷನ್ನಿಗೆ ದುಂಡನೆಯ ಗಾಜಿನ ಪರದೆಯೊಂದಿದೆ, ಅದರ ಮೇಲೆ ಬೆಳಕಿನ ಚುಕ್ಕಿ ಮೂಡಿಸಬಹುದು, ಒಂದೊಂದು ಕಾಳಿಗೆ ಒಂದೊಂದು ಚುಕ್ಕಿ ಎಂದು ವಿವರಿಸಿದ.

ಹಾಸಿಗೆಯಲ್ಲೇ ಕುಳಿತು ಬರೆಯತೊಡಗಿದ. ಅಸೆಂಬ್ಲಿ ಎಂಬ ಯಂತ್ರದ ಭಾಷೆಯಲ್ಲಿ ಪ್ರತಿ ಸಣ್ಣ ಕೆಲಸಕ್ಕೂ ಒಂದು ಆದೇಶ ಬರೆಯಬೇಕು. ಈ ಗುಂಡಿಯಲ್ಲಿರುವುದನ್ನು ಎತ್ತು, ಒಂದು ಕಳೆ, ಮುಂದಿನದಕ್ಕೆ ಒಂದು ಕೂಡಿಸು, ಖಾಲಿಯಾಯಿತೇ ನೋಡು. ಮನೆಯಲ್ಲಿ ಯಂತ್ರವಿಲ್ಲದ್ದರಿಂದ ನಾನೇ ಯಂತ್ರವಾದೆ. ಅವನು ಓದಿದಷ್ಟನ್ನೇ ನಾನು ಮಾಡಬೇಕು.

ಒಮ್ಮೆ ಮಣೆಯ ತುದಿ ಬಂತು. ಕೈಯಲ್ಲಿ ಕಾಳು ಉಳಿದಿತ್ತು. ನೆಲದ ಮೇಲೆ ಹಾಕಿದೆ.

"ಎಂತ ಮಾಡ್ದೆ ನೀನು?"

"ಮುಂದೆ ಹಾಕು ಅಂದೆ, ಹಾಕ್ದೆ. ತಿರುಗು ಅಂತ ನೀನು ಹೇಳ್ಲೇ ಇಲ್ಲ."

ನಗಲು ಹೋಗಿ ಅವನಿಗೆ ಏದುಸಿರು ಬಂತು. ಬೆನ್ನು ಸವರಿದೆ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಆ ಆದೇಶವನ್ನೂ ಸೇರಿಸಿದ. ಎಲ್ಲ ಮುಗಿದ ಮೇಲೆ ಹಾಳೆಗಳನ್ನು ಮುಂಬಯಿಯ ಗೆಳೆಯನಿಗೆ ಅಂಚೆಯಲ್ಲಿ ಕಳಿಸಿದ. ಉತ್ತರ ಬರುವ ಮೊದಲೇ ಹೊನ್ನಾವರದ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಸಾಮಾನು ತರಲು ಅಪ್ಪನೂ ನಾನೂ ಮುಂಬಯಿಗೆ ಹೋದೆವು. ಗೆಳೆಯ ನಮ್ಮನ್ನು ಯಂತ್ರದ ಕೋಣೆಗೆ ಕರೆದೊಯ್ದ. ಅಪ್ಪನಿಗೆ ಮರಾಠಿ ಬರುತ್ತಿದ್ದುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಅಣ್ಣ ಕಳಿಸಿದ ಹಾಳೆಗಳಲ್ಲಿದ್ದುದನ್ನು ಅವನು ಆಗಲೇ ಯಂತ್ರಕ್ಕೆ ಹಾಕಿದ್ದ. ಪರದೆಯ ಮೇಲೆ ಎರಡು ಸಾಲು ಚುಕ್ಕಿ ಮೂಡಿದವು. ಕಾಳು ಎತ್ತಬೇಕಾದ ಗುಂಡಿಯನ್ನು ನಾನು ಪರದೆಯ ಮೇಲೆ ತೋರಿಸಿದೆ. ಗೆಳೆಯ ಕೀಲಿ ಒತ್ತಿದ. ಚುಕ್ಕಿಗಳು ಒಂದೊಂದಾಗಿ ಸರಿದು, ತುದಿಯಲ್ಲಿ ತಿರುಗಿ ಎದುರು ಸಾಲಿಗೆ ಹೋದವು. ಆಮೇಲೆ ಯಂತ್ರ ತನ್ನ ಆಟ ಆಡಿತು.

ಅಪ್ಪ ಬಗ್ಗಿ ನೋಡಿದರು. "ಇದು ಅವ ಆಡೂದಾ?"

"ಅಲ್ಲ ಅಪ್ಪ. ಅವ ಬರ್ದಿಟ್ಟ ಹಾಗೆ ಮಿಷನ್ ಆಡ್ತದೆ."

"ಆತು," ಎಂದು ಅಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಬೇರೆ ದೊಡ್ಡ ಯಂತ್ರ ಬರುತ್ತದೆ, ಇದನ್ನು ಬಿಚ್ಚಿ ತೆಗೆಯುತ್ತಾರೆ ಎಂದ ಗೆಳೆಯ. ಒಂದು ಯಂತ್ರದ ಅಸೆಂಬ್ಲಿ ಇನ್ನೊಂದಕ್ಕೆ ತಿಳಿಯುವುದಿಲ್ಲವಂತೆ. ಆಟವನ್ನು ಮೊದಲಿನಿಂದ ಬರೆಯಬೇಕು. ತಾನೇ ಬರೆಯುತ್ತೇನೆಂದ. ಮುಂದೆ ಅವನಿಗೂ ಬೇರೆ ಊರಲ್ಲಿ ಕೆಲಸವಾಯಿತು, ಬರೆಯಲಾಗಲಿಲ್ಲ.

ವಾಪಸು ಬರುವಾಗ ಪುಣೆ ದಾಟಿದ ಮೇಲೆ ಅಪ್ಪ ಬುತ್ತಿ ಬಿಚ್ಚಿದರು. ಆಮೇಲೆ, "ಅಲ್ಲಿ ಅವಂಗೆ ಊಟ ಸೇರ್ತಿತ್ತಾ ಅಂತ ಆ ಹುಡುಗನ ಹತ್ರ ಕೇಳ್ಬೇಕಾಗಿತ್ತು," ಎಂದರು. "ಮರ್ತೇ ಹೋಯ್ತು."